ಹಾಸನ ಟ್ರಂಕ್, ಮಾತಾಡಿ

ಹೊಳೆನರಸೀಪುರದ ಟೆಲಿಫೋನ್ ಬೋರ್ಡಿನ ಮುಂದೆ ನಾನು ಕೂತ ಕಾಲಕ್ಕೆ ಇಡೀ ಊರಿನಲ್ಲಿ ಇದ್ದದ್ದು ಅರವತ್ತು ಚಿಲ್ಲರೆ ಫೋನು. ಅರವತ್ತರ ದಶಕದ ಮಾತು. ನನಗೆ ಇಪ್ಪತ್ತಮೂರು ವಯಸ್ಸು, ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ನನ್ನ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾನು ಅದರ ತೂತಿಗೆ ವೈರು ಚುಚ್ಚಿ, ‘ಯಾವ ನಂಬರ್ ಬೇಕು?’ ಎಂದು ಕೇಳಬೇಕು. ನಂಬರ್ ಹೇಳುವ ಪುಣ್ಯಾತ್ಮರು ಯಾರಿದ್ದರು? ಅಕ್ಕಿ ಗಿರಣಿಗೆ ಕೊಡವ್ವ ಎನ್ನುವವರು, ನಮ್ಮ ಷಡ್ಕನ ಮನೆಗೆ ಕೊಡು ಎನ್ನುವವರು. ನಿಮ್ಮ ಷಡ್ಕ ಯಾರೆಂದು ನನಗೇನು ಕನಸು ಬಿದ್ದಿದೆಯೇ ಎಂದು ರೇಗುತ್ತಿದ್ದೆ. ರೇಗಿ, ಸರಿಯಾಗಿ ಅದೇ ಷಡ್ಕನ ಮನೆಗೆ ಲೈನು ಕೊಡುತ್ತಿದ್ದೆ.

ಬೇರೆ ಊರಿನಿಂದ ಬಂದರೆ ಅದು ಟ್ರಂಕ್ ಕಾಲ್. ಅರಕಲಗೂಡಿನಿಂದ ಬರಲಿ, ಚನ್ನರಾಯಪಟ್ಟಣದಿಂದ ಬರಲಿ, ಬೆಂಗಳೂರಿನಿಂದಲೇ ಬರಲಿ, ಎಲ್ಲವೂ ಹಾಸನದ ಬೋರ್ಡನ್ನು ದಾಟಿಯೇ ನಮ್ಮೂರಿಗೆ ಬರಬೇಕು. ಅಲ್ಲಿ ಕೂರುತ್ತಿದ್ದ ಹಿರಿಯ ಆಪರೇಟರ್ ಒಬ್ಬರನ್ನು ನಾನು ಅಕ್ಕಾ ಎನ್ನುತ್ತಿದ್ದೆ. ದಿನಕ್ಕೆ ನೂರು ಸಲ ಮಾತಾಡಿದರೂ ಅವರ ಮುಖ ನೋಡಿರಲಿಲ್ಲ. ಕಾಲ್ ಎಲ್ಲಿಂದ ಎಂದು ಅವರು ಹೇಳುವರು, ನಾನು ಚೀಟಿಯಲ್ಲಿ ಬರೆದುಕೊಳ್ಳುವೆ. ಆದರೆ ಮನೆಯವರಿಗೆ ಲೈನು ಕೊಡುವಾಗ ಮಾತ್ರ, ಯಾವ ಊರಿನದಾದರೂ ಸರಿ, ನನ್ನ ಬಾಯಲ್ಲಿ ಬರುತ್ತಿದ್ದದ್ದು ಒಂದೇ: ‘ಹಾಸನ ಟ್ರಂಕ್, ಮಾತಾಡಿ.’ ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರೂ ಹಾಗೇ ಹೇಳುತ್ತಿದ್ದರು, ನನಗೂ ಹಾಗೇ ಕಲಿಸಿದ್ದರು. ತಂತಿ ಹಾಸನದ್ದು, ಆದ್ದರಿಂದ ಟ್ರಂಕೂ ಹಾಸನದ್ದು. ಯಾರೂ ತಕರಾರು ಮಾಡಿರಲಿಲ್ಲ.

ಪೇಟೆಯ ಹಿಂದಿನ ಬೀದಿಯಲ್ಲಿ ಆಲೂಗಡ್ಡೆ ಮಂಡಿಯ ಗೌಡರ ಮನೆ. ಫೋನು ಇಟ್ಟಿದ್ದದ್ದು ಬೀದಿಗೆ ಮುಖ ಮಾಡಿದ ಪಡಸಾಲೆಯಲ್ಲಿ. ಊರು ಎಷ್ಟು ದೂರವೋ ಅಷ್ಟು ಗಟ್ಟಿಯಾಗಿ ಕೂಗಬೇಕು ಎಂಬುದು ಗೌಡರ ನಂಬಿಕೆ. ಅವರೊಬ್ಬರದೇ ಅಲ್ಲ, ನಮ್ಮೂರಿನ ಎಲ್ಲರ ನಂಬಿಕೆಯೂ ಅದೇ. ಅವರ ಒಬ್ಬಳೇ ಮಗಳಿಗೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರದವರ ಮನೆಯಲ್ಲಿ ಗಂಡು ಗೊತ್ತಾಗಿ, ಮದುವೆಗೆ ಹದಿನೈದು ದಿನ ಉಳಿದಿತ್ತು. ಆ ಮದುವೆಯ ಒಡವೆ ಗೌಡರು ಮಾಡಿಸಿದ್ದಲ್ಲ. ಅವರ ಹೆಂಡತಿ ಎಮ್ಮೆ ಕಟ್ಟಿ, ಬೆಣ್ಣೆ ಮಾರಿ, ಮಗಳು ಹುಟ್ಟಿದ ವರ್ಷದಿಂದ ಒಂದೊಂದಾಗಿ ಕೂಡಿಟ್ಟು ಮಾಡಿಸಿದ್ದು. ಗೌಡರು ಒಂದು ದಿನ ಬೀಗರಿಗೆ ಟ್ರಂಕ್ ಮಾಡಿ, ಒಡವೆಯೆಲ್ಲಾ ಅಕ್ಕಸಾಲಿಗರಿಂದ ಮನೆಗೆ ಬಂದಿದೆ, ನಾಳೆ ಲೋಡಿನ ಜೊತೆ ಹಾಸನಕ್ಕೆ ಹೋಗುತ್ತೇನೆ, ಸಂಜೆ ಬರುತ್ತೇನೆ ಎಂದು ಕೂಗಿದರು. ಬೀಗರಿಗೆ ಕೇಳಿಸಿತು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರಿಗೂ ಕೇಳಿಸಿತು. ಅವರಲ್ಲಿ ಕೇಳಬಾರದವನೊಬ್ಬ ಇದ್ದನೆಂದು ಆಮೇಲೆ ಗೊತ್ತಾಯಿತು.

ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತು. ಹಾಸನದ ಅಕ್ಕ ಲೈನಿನಲ್ಲಿ ಬಂದರು. ಅರಕಲಗೂಡಿನ ಪೋಸ್ಟಾಫೀಸಿನಿಂದ ಒಂದು ಕಾಲ್, ಮೂರು ನಿಮಿಷ, ಗೌಡರ ಮನೆಗೆ ಎಂದರು. ನಾನು ಚೀಟಿಯಲ್ಲಿ ‘ಅರಕಲಗೂಡು’ ಎಂದು ಬರೆದೆ. ಗೌಡರ ಮನೆಗೆ ಗಂಟೆ ಹೊಡೆದೆ. ಗೌಡರ ಹೆಂಡತಿ ಎತ್ತಿಕೊಂಡರು. ‘ಹಾಸನ ಟ್ರಂಕ್, ಮಾತಾಡಿ’ ಎಂದೆ.

ಧ್ವನಿ ಸರಿಯಾಗಿ ದಾಟುತ್ತಿದೆಯೇ ಎಂದು ಒಂದೆರಡು ಮಾತು ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಅಷ್ಟಕ್ಕೇ ಕಿವಿಗೆ ಬಿತ್ತು. ಗಂಡಸಿನ ಧ್ವನಿ, ಬಲು ವಿನಯ. ತಾನು ಹಾಸನದ ದೊಡ್ಡಾಸ್ಪತ್ರೆಯಿಂದ ಮಾತಾಡುತ್ತಿರುವುದಾಗಿಯೂ, ಗೌಡರು ಲೋಡಿನ ಮೇಲಿಂದ ಬಿದ್ದು ತಲೆಗೆ ಏಟಾಗಿದೆಯೆಂದೂ, ಮೈಸೂರಿನಿಂದ ಇಂಜೆಕ್ಷನ್ ತರಿಸಬೇಕೆಂದೂ ಹೇಳಿದ. ಅಷ್ಟೊಂದು ನಗದು ಮನೆಯಲ್ಲಿ ಇಲ್ಲದಿದ್ದರೆ ಒಡವೆಯನ್ನಾದರೂ ಕಳಿಸಿ, ಅಡವಿಟ್ಟು ತರಿಸುತ್ತೇವೆ, ನಮ್ಮವರು ಕಾರಿನಲ್ಲಿ ಆಗಲೇ ಹೊರಟಿದ್ದಾರೆ, ಇನ್ನೇನು ಬಂದರು ಎಂದ. ಆಕೆ ಅಯ್ಯೋ ಎಂದದ್ದೂ ಕೇಳಿಸಿತು. ನಾನು ಕೇಳಿಸಿಕೊಳ್ಳುವ ಕೀ ಮುಚ್ಚಿದೆ. ಮುಚ್ಚಿ ಚೀಟಿ ನೋಡಿದೆ. ನನ್ನದೇ ಅಕ್ಷರದಲ್ಲಿ ಅರಕಲಗೂಡು ಎಂದು ಬರೆದಿತ್ತು.

ಹಾಸನದ ಆಸ್ಪತ್ರೆಯವನು ಅರಕಲಗೂಡಿನ ಪೋಸ್ಟಾಫೀಸಿನಲ್ಲಿ ಏನು ಮಾಡುತ್ತಿದ್ದಾನೆ? ಹಾಸನದ ಅಕ್ಕನನ್ನು ಕರೆದು, ಕಾಲ್ ನಿಜವಾಗಿ ಅಲ್ಲಿಯದೇ ಎಂದು ಕೇಳಿದೆ. ಅಲ್ಲಿಯದೇ, ಮಾತು ಮುಗಿಸಿ ಆತ ಹೊರಟೂ ಹೋದ, ನಿನಗ್ಯಾಕೆ ಅದೆಲ್ಲ ಎಂದು ಅವರು ಗದರಿದರು. ಒಂದು ಉಪಕಾರ ಮಾಡಿ, ಆಸ್ಪತ್ರೆಗೆ ಫೋನ್ ಮಾಡಿ ಹೊಳೆನರಸೀಪುರದ ಮಂಡಿ ಗೌಡರು ಅಲ್ಲಿದ್ದಾರೆಯೇ ವಿಚಾರಿಸಿ ಎಂದೆ. ಅವರು ಇನ್ನೊಮ್ಮೆ ಗೊಣಗಿದರು. ಆಮೇಲೆ, ಇರು ಎಂದರು.

ಆ ‘ಇರು’ ಇದೆಯಲ್ಲ, ಅಷ್ಟು ಉದ್ದದ ಇರು ನನ್ನ ಜನ್ಮದಲ್ಲಿ ಕಂಡಿಲ್ಲ. ಅಷ್ಟರಲ್ಲಿ ಟಪ್ ಎಂದು ಮುಚ್ಚಳ ಬಿತ್ತು, ಗೌಡರ ಮನೆಯದೇ. ಗೌಡರ ಹೆಂಡತಿಯೇ ಮಾತಾಡಿದರು.

‘ತಾಯಿ, ಈಗ ಬಂತಲ್ಲ ಫೋನು, ಅದು ಹಾಸನದ್ದೇಯ?’

ತಂತಿಯಲ್ಲಿ ಕಿವಿಗೆ ಬಿದ್ದದ್ದನ್ನು ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿ ಕೆಲಸಕ್ಕೆ ಸೇರಿದವಳು ನಾನು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅನುಮಾನ ಸುಳ್ಳಾಗಿ, ಗೌಡರು ನಿಜವಾಗಿಯೂ ಆಸ್ಪತ್ರೆಯಲ್ಲಿದ್ದರೆ ಪಾಪವೂ ನನ್ನ ತಲೆಗೇ. ಊರೆಲ್ಲರ ಮೇಲೆ ರೇಗುವ ಧೈರ್ಯವಂತೆ, ಆಗ ಬಾಯಿಪಾಠದ ಮಾತು ಒಪ್ಪಿಸಿದೆ: ‘ಕಾಲ್ ವಿಚಾರ ನಾವು ಮಾತಾಡೋ ಹಾಗಿಲ್ಲಮ್ಮ.’

‘ಸರಿ ಬುಡವ್ವ. ನೀನೇ ಯೋಳುದ್ಯಲ್ಲ ಹಾಸನ ಅಂತ’ ಎಂದು ಆಕೆ ಫೋನ್ ಇಟ್ಟುಬಿಟ್ಟರು.

ಕೆನ್ನೆಗೆ ಬಾರಿಸಿದಂತಾಯಿತು. ಹೌದಲ್ಲ, ಹೇಳಿದ್ದು ನಾನೇ. ಆ ಖದೀಮ ಸಾವಿರ ಬೊಗಳಲಿ, ಹಾಸನ ಎಂದು ಮುದ್ರೆ ಒತ್ತಿ ಮನೆಯೊಳಕ್ಕೆ ಕಳಿಸಿದವಳು ನಾನು. ಸಿಟ್ಟು ಬಂತು ನೋಡಿ, ಅವನ ಮೇಲೆ ಅರ್ಧ, ನನ್ನ ಮೇಲೆ ಎರಡರಷ್ಟು. ಕೆಲಸ ಹೋದರೆ ಹೋಗಲಿ, ಹಿಟ್ಟು ಕುಟ್ಟಿಯಾದರೂ ಬದುಕುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಹಾಸನದ ಅಕ್ಕ ಬಂದರು. ಆಸ್ಪತ್ರೆಯಲ್ಲಿ ಆ ಹೆಸರಿನವರೂ ಇಲ್ಲ, ತಲೆಗೆ ಏಟು ಬಿದ್ದವರೂ ಇಲ್ಲ, ಅಲ್ಲಿಂದ ಯಾರೂ ಕಾರಿನಲ್ಲಿ ಹೊರಟಿಲ್ಲ. ಇಷ್ಟು ಹೇಳಿ, ನೀನು ನನ್ನನ್ನು ಏನೂ ಕೇಳಿಲ್ಲ, ನಾನು ಏನೂ ಹೇಳಿಲ್ಲ ಎಂದು ಲೈನು ತೆಗೆದರು.

ಗೌಡರ ಮನೆಗೆ ಗಂಟೆ ಹೊಡೆದೆ. ಎತ್ತಲಿಲ್ಲ. ಮತ್ತೆ ಹೊಡೆದೆ. ಎತ್ತಲಿಲ್ಲ. ಬೋರ್ಡಿನ ಮೇಲೆ ಬೇರೆ ಮುಚ್ಚಳಗಳು ಟಪ ಟಪ ಬೀಳುತ್ತಿದ್ದವು, ಗಿರಣಿ, ಔಷಧಿ ಅಂಗಡಿ, ವಕೀಲರ ಮನೆ. ಬಿದ್ದುಕೊಂಡಿರಲಿ ಎಂದು ಹಿಡಿ ತಿರುಗಿಸುತ್ತಲೇ ಇದ್ದೆ, ರಟ್ಟೆ ಬಿದ್ದುಹೋಯಿತು. ಕೊನೆಗೆ ಎತ್ತಿಕೊಂಡವಳು ಮಗಳು, ಮದುವೆಯ ಹುಡುಗಿ. ಬಿಕ್ಕುತ್ತಾ, ಪಿಸುದನಿಯಲ್ಲಿ, ಅವ್ವ ಒಳಗೆ ಒಡವೆ ಗಂಟು ಕಟ್ಟುತ್ತಿದ್ದಾಳೆ, ಕಾರಿನವರು ಬಂದು ಪಡಸಾಲೆಯಲ್ಲೇ ಕೂತಿದ್ದಾರೆ ಎಂದಳು. ಏನೂ ಮಾತಾಡಬೇಡ, ಅವ್ವನ ಕೈಗೆ ಕೊಡು ಎಂದೆ.

ಆಕೆ ಬಂದರು. ನಾನು ಒಂದೇ ಉಸಿರಿಗೆ ಹೇಳಿದೆ.

‘ಅಮ್ಮ, ಆ ಫೋನು ಹಾಸನದ್ದಲ್ಲ, ಅರಕಲಗೂಡಿಂದು. ಆಸ್ಪತ್ರೇಲಿ ಯಜಮಾನರಿಲ್ಲ, ಅವರಿಗೆ ಏನೂ ಆಗಿಲ್ಲ. ಬಂದವನು ಕಳ್ಳ. ಒಂದು ಗುಂಡುಮಣಿನೂ ಕೊಡಬೇಡಿ.’

ಆ ಮಹಾತಾಯಿ ಮಾತಾಡಿದರು ನೋಡಿ, ಗೌಡರನ್ನೂ ಮೀರಿಸುವ ಗಂಟಲಿನಲ್ಲಿ, ಪಡಸಾಲೆ ಪೂರ್ತಿ ಕೇಳುವ ಹಾಗೆ.

‘ಊಂ ಕಣಣ್ಣಯ್ಯ. ನಿಮ್ ಭಾವುಂಗೆ ಇಂಗಾಗದೆ. ಒಡವೆ ಬೀರು ಬೀಗದ ಕೈ ನಿನ್ನತ್ರನೇ ಅದಲ್ಲ, ಬಿರ್‍ನೆ ತಗಬಾ. ಕಾರ್ನೋರು ಕಾಯ್ತಾವ್ರೆ.’

ನಾನು ಆಕೆಯ ಅಣ್ಣಯ್ಯನಾದೆ. ಆಕೆಗೆ ಅಣ್ಣನೂ ಇರಲಿಲ್ಲ, ಬೀರುವೂ ಇರಲಿಲ್ಲ, ಒಡವೆ ಇದ್ದದ್ದು ಮರದ ಪೆಟ್ಟಿಗೆಯಲ್ಲಿ. ಫೋನನ್ನು ಇಡದೆ ಪಕ್ಕದಲ್ಲಿ ಮಲಗಿಸಿದ್ದರಿಂದ ಅಲ್ಲಿಯ ಮಾತೆಲ್ಲಾ ನನಗೆ ಬರುತ್ತಿತ್ತು. ಒಂದು ಕಿವಿ ಅಲ್ಲಿಟ್ಟು, ಇನ್ನೊಂದು ವೈರಿನಲ್ಲಿ ಮಂಡಿಗೆ ಗಂಟೆ ಹೊಡೆದೆ. ಗುಮಾಸ್ತರು ಎತ್ತಿ, ಯಜಮಾನರು ಊರಲ್ಲಿಲ್ಲ ಎಂದು ರಾಗ ಎಳೆಯತೊಡಗಿದರು. ನಿಮ್ಮ ರಾಗ ಆಮೇಲೆ, ಇರುವ ಹಮಾಲಿಗಳನ್ನೆಲ್ಲ ಗೌಡರ ಮನೆಗೆ ಓಡಿಸಿ, ಕಳ್ಳ ಪಡಸಾಲೆಯಲ್ಲಿ ಕೂತಿದ್ದಾನೆ ಎಂದು ಕೂಗಿದೆ. ಅಂಗಳದಲ್ಲಿ ಬೀಡಿ ಸೇದುತ್ತಿದ್ದ ನಮ್ಮ ಲೈನ್‌ಮನ್ ನನ್ನ ಕೂಗಿಗೆ ಒಳಗೆ ಬಂದರು. ಅವರನ್ನು ಸೈಕಲ್ ಹತ್ತಿಸಿ ಪೊಲೀಸ್ ಠಾಣೆಗೆ ಅಟ್ಟಿದೆ.

ಇತ್ತ ಪಡಸಾಲೆಯಲ್ಲಿ ಉಪಚಾರವೋ ಉಪಚಾರ. ದೂರದಿಂದ ಬಂದಿದ್ದೀರಿ, ಬರಿಹೊಟ್ಟೆಯಲ್ಲಿ ಕಳಿಸಿದರೆ ಯಜಮಾನರು ನನ್ನನ್ನು ಬಿಡುತ್ತಾರೆಯೇ, ಉಪ್ಪಿಟ್ಟು ಆಗಿಯೇ ಹೋಯಿತು, ಕಾಫಿ ಕುಡಿಯಿರಿ, ಇನ್ನೊಂದು ಲೋಟ ಕುಡಿಯಿರಿ. ಅವನು ಬೇಡ ಬೇಡ, ತಡವಾಗುತ್ತದೆ, ರೋಗಿಗೆ ಅಪಾಯ ಎನ್ನುವನು. ಈಕೆ, ನಮ್ಮ ಅಣ್ಣಯ್ಯ ಬಂದೇಬಿಟ್ಟ, ಗಳಿಗೆ ಕೂರಿ ಎನ್ನುವರು. ನಮ್ಮ ಕಡೆ ಮನೆಗೆ ಬಂದವರು ಕಾಫಿ ಬೇಡವೆಂದು ಎದ್ದುಹೋಗುವಂತಿಲ್ಲವಲ್ಲ, ಆ ದರಿದ್ರದವನೂ ನಮ್ಮ ಕಡೆಯವನೇ ಇರಬೇಕು, ಕುಡಿಯುತ್ತಾ ಕೂತ. ನನಗೆ ಒಂದು ಕಡೆ ನಗು, ಒಂದು ಕಡೆ ಪ್ರಾಣಭಯ. ಆಮೇಲೆ ಧಡಧಡ ಕಾಲ್ಸಪ್ಪಳ, ಲೋಟ ಉರುಳಿದ ಸದ್ದು, ‘ಇಡ್ಕಳ್ರಲಾ’ ಎಂಬ ಕೂಗು, ನಾಯಿ ಬೊಗಳಿದ್ದು. ಕುರ್ಚಿಯಿಂದ ಎದ್ದು ಕುಣಿಯಬೇಕೆನಿಸಿತು, ಆದರೆ ತಲೆಗೆ ಸಿಕ್ಕಿಸಿದ ವೈರು ಬಿಡಲಿಲ್ಲ.

ಕಾರಿನಲ್ಲಿ ಬಂದವನನ್ನು ಪೊಲೀಸರು ಕರೆದೊಯ್ದರು. ಅರಕಲಗೂಡಿನಿಂದ ಫೋನ್ ಮಾಡಿದವನು ಸಿಗಲೇ ಇಲ್ಲ. ಗೌಡರು ಸಂಜೆ ಬಸ್ಸಿನಲ್ಲಿ ಇಳಿದು, ತಮ್ಮ ತಲೆಗೆ ಏಟು ಬಿದ್ದ ಸುದ್ದಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಕೇಳಿ, ತಲೆ ಮುಟ್ಟಿ ನೋಡಿಕೊಂಡರಂತೆ. ಊರಲ್ಲೆಲ್ಲಾ ನನ್ನದೇ ಟಾಂಟಾಂ. ತರಕಾರಿಯವಳು ಕೊಸರು ಹಾಕಿದಳು, ಹೂವಿನವಳು ಕಾಸು ಬೇಡವೆಂದಳು. ಮೇಲಿನವರಿಂದ ಮಾತ್ರ, ತಂತಿಯ ಗುಟ್ಟು ಯಾಕೆ ಬಿಟ್ಟೆ ಎಂದು ಬರೆದುಕೊಡು ಎಂಬ ಕಾಗದ ಬಂತು. ಇದ್ದದ್ದು ಇದ್ದ ಹಾಗೆ ಬರೆದೆ, ಹಾಸನದ ಅಕ್ಕನ ಮಾತೊಂದು ಬಿಟ್ಟು. ಇನ್ನೊಮ್ಮೆ ಹೀಗೆ ಮಾಡಬಾರದೆಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಹೊಗಳಿಕೆ ಕೇಳಿದಷ್ಟೂ ನನಗೆ ಒಳಗೆ ಇರಿಯುತ್ತಿತ್ತು. ಆ ಕಾಗದದಲ್ಲೂ ನಾನು ‘ಹಾಸನ ಟ್ರಂಕ್’ ಎಂದದ್ದನ್ನು ಯಾರೂ ಕೇಳಿರಲಿಲ್ಲ.

ಮದುವೆಗೆ ನಾಲ್ಕು ದಿನ ಇರುವಾಗ ಗೌಡರ ಹೆಂಡತಿ ಲಗ್ನಪತ್ರಿಕೆ, ಅರಿಸಿನ ಕುಂಕುಮ ಹಿಡಿದು ಮಗಳ ಜೊತೆ ನಮ್ಮ ಆಫೀಸಿಗೇ ಬಂದರು. ಎರಡು ವರ್ಷ ದಿನಾ ಕೇಳಿದ ಧ್ವನಿ, ನೋಡಿದ್ದು ಅವತ್ತೇ. ಗಿಡ್ಡ ಹೆಂಗಸು, ಬೆಣ್ಣೆ ಕಡೆದು ಕಡೆದು ಗಂಟುಬಿದ್ದ ಕೈ. ಹುಡುಗಿಯ ಕತ್ತಿನಲ್ಲಿ ಆ ಒಡವೆಗಳಲ್ಲಿ ಒಂದನ್ನು ಹಾಕಿಸಿಕೊಂಡೇ ಬಂದಿದ್ದರು, ನನಗೆ ತೋರಿಸಲೆಂದು. ಅದನ್ನು ನೋಡುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ.

‘ಅಮ್ಮ, ಹಾಸನ ಅಂತ ಮೊದಲು ಸುಳ್ಳು ಹೇಳಿದ್ದು ಅವನಲ್ಲ, ನಾನು. ನೀವು ಕೇಳಿದಾಗಲೂ ಹೇಳಲಿಲ್ಲ’ ಎಂದೆ.

ಆಕೆ ನನ್ನ ಹಣೆಗೆ ಕುಂಕುಮ ಇಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

‘ಅದ್ ನಂಗೊತ್ತು ಕಣ್ಮಗ. ಯಾವನೋ ಗುರ್ತಿಲ್ದೋನು ಯೋಳುದ್ರೆ ನಾನ್ಯಾಕ್ ನಂಬ್ಲಿ? ನೀನು ಹಾಸನ ಅಂದೆ, ಪೆಟ್ಗೆ ತೆಗುದ್ನಿ. ನೀನೇ ಅಲ್ಲ ಅಂದೆ, ಮುಚ್ಚುದ್ನಿ. ಎಲ್ಡು ಸಲಾನೂ ನಂಬಿದ್ದು ನಿನ್ನೇಯ.’

ಎಲ್ಲರಿಗೂ ತಿರುಗಿ ಉತ್ತರ ಕೊಡುವ ನಾನು ಅವತ್ತು ಬೋರ್ಡಿನ ಕಡೆ ಮುಖ ಮಾಡಿ ಅತ್ತುಬಿಟ್ಟೆ.