ಸೋಮವಾರದ ಎತ್ತುಗಳು

ಅಣ್ಣಿಗೇರಿಯ ಒಂದು ಶಾಲೆಗಾಗಿ, ಆಟಿಕೆ ರೈಲು ಓಡುವ ಪುಟ್ಟ ಊರೊಂದನ್ನು ಹಲಗೆಯ ಮೇಲೆ ಕಟ್ಟುತ್ತಿದ್ದೆ. ಹಳಿಯ ಬಾಜುವಿನ ಹೊಲ ಖರೇನೇ ಹೊಲದಂತೆ ಕಾಣಲಿ ಎಂದು ಪಕ್ಕದ ಮನೆಯ ಶಿವಪ್ಪ ಕಾಕಾನ ಹೊಲದಿಂದ ಒಂದು ಡಬ್ಬಿ ಎರೆಮಣ್ಣು ತಂದು, ಸೋಸಿ, ಅಂಟಿನ ಮೇಲೆ ಉದುರಿಸಿದೆ. ಹಳೇ ಬಾಚಣಿಗೆಯಿಂದ ಸಾಲು ಎಳೆದೆ. ಬೆರಳ ತುದಿಯಷ್ಟಿದ್ದ ಎರಡು ಎತ್ತುಗಳನ್ನು ಕುಂಟೆಗೆ ಹೂಡಿ, ಅಲ್ಲಾಡದಂತೆ ಅಂಟಿಸಿದೆ.

ತಮ್ಮ ಮಣ್ಣು ಏನಾಯಿತೆಂದು ನೋಡಲು ಕಾಕಾ ಬಂದರು. ಹಲಗೆಗೆ ಮೂಗು ತಾಗುವಷ್ಟು ಬಗ್ಗಿ, "ಅಗದಿ ನಮ್ಮ ಹೊಲಾನ ಆತು ನೋಡ್ರಿ!" ಎಂದರು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಅವರ ಹುಬ್ಬು ಗಂಟಾಯಿತು.

"ಇವತ್ತ ಯಾವ ವಾರರಿ?"

"ಸೋಮವಾರರಿ."

"ಮತ್ತ ಎತ್ತ ಹೂಡೀರಲ್ಲ? ಸೋಮವಾರ ಬಸವಣ್ಣಗ ಸೂಟಿ. ಮೊದಲ ಬಿಡ್ರಿ ಅವನ್ನ."

"ಕಾಕಾ, ಇವು ಪ್ಲಾಸ್ಟಿಕ್ ಎತ್ತುರಿ."

"ಎತ್ತ ಪ್ಲಾಸ್ಟಿಕ್ ಇರಲಿ. ಹೊಲ ನಮ್ಮದ ಐತೆಲ್ರಿ!"

ಚಿಮಟಿಗೆ ಹಿಡಿದು ಎತ್ತುಗಳನ್ನು ಕಿತ್ತೆ. ಒಂದರ ಗೊರಸು ಮಣ್ಣಲ್ಲೇ ಉಳಿಯಿತು. ಕಾಕಾ ಎರಡನ್ನೂ ಅಂಗೈಯಲ್ಲಿ ಹಿಡಿದು ಒಯ್ದು, ನಾನು ಸ್ಪಂಜಿನಿಂದ ಮಾಡಿದ್ದ ಬೇವಿನ ಗಿಡದ ನೆರಳಿಗೆ ನಿಲ್ಲಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಹೂಂ, ಈಗ ರೈಲ ಬಿಡ್ರಿ" ಎಂದರು. ಮಧ್ಯಾಹ್ನವೆಲ್ಲ ಇಬ್ಬರೂ ರೈಲು ಬಿಟ್ಟೆವು.

ಈಗ ಆ ಎತ್ತುಗಳಿಗೆ ನಾನು ಅಂಟು ಹಾಕಿಲ್ಲ. ಶಾಲೆಗೆ ಕೊಟ್ಟ ಸೂಚನೆಯ ಹಾಳೆಯಲ್ಲಿ 'ಹಳಿಯ ಧೂಳು ಒರೆಸಿರಿ', 'ತಂತಿ ಮುಟ್ಟಬೇಡಿರಿ' ಎಂದಾದ ಮೇಲೆ ಇನ್ನೊಂದು ಸಾಲು ಸೇರಿಸಿದ್ದೇನೆ: 'ಸೋಮವಾರ ಎತ್ತು ಹೂಡಬೇಡಿರಿ.'