ನನ್ನ ಸೊಸೆಗೆ ಬಾಯಿ ಬಂದದ್ದು

ನಾನು ಮಾಡುವ ಶೇಂಗಾ ಹಿಂಡಿಗೆ ಅಫಜಲಪುರ ಸೀಮೆಯಲ್ಲಿ ಸಾಟಿಯಿಲ್ಲ. ಇದು ಜಂಬವಲ್ಲ, ಜಂಬವಾದರೂ ಇರಲಿ. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಆ ಪುಡಿ ನಮ್ಮಲ್ಲಿ ರೊಟ್ಟಿಗೂ ಬೇಕು, ಪಲ್ಯಕ್ಕೂ ಬೇಕು. ಅಂಥ ಮನೆಗೆ ಆಳಂದದಿಂದ ಬಂದ ಸೊಸೆ ಮೊದಲ ದಿನವೇ ತಲೆ ತಗ್ಗಿಸಿ ಅಂದಳು: "ಅತ್ತಿ, ನನಗ ಶೇಂಗಾ ಆಗಂಗಿಲ್ರಿ. ಸಣ್ಣಾಕಿದ್ದಾಗ ಮೈಯೆಲ್ಲ ಬಾತಿತ್ತು."

"ಅಯ್ಯ, ಶೇಂಗಾ ಬಿಟ್ಟು ಈ ಕಡಿ ಹೆಂಗ ಬಾಳೇವು ಮಾಡ್ತಿ ಬೇ?" ಎಂದು ನಕ್ಕುಬಿಟ್ಟೆ. ಆದರೂ ಅವಳ ತಟ್ಟೆಗೆ ಹಿಂಡಿ ಹಾಕಲಿಲ್ಲ. ನನ್ನ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಮೂರನೆಯ ವಾರ ಒಂದು ಮಧ್ಯಾಹ್ನ ಬದನೆಕಾಯಿ ಎಣ್ಣೆಗಾಯಿ ಮಾಡಿ ಕೈಯಾರೆ ಬಡಿಸಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ತಿಂದಳು. ಎರಡನೆಯ ರೊಟ್ಟಿ ಮುರಿಯುವಷ್ಟರಲ್ಲಿ ತುಟಿ ಊದಿತು, ಕುತ್ತಿಗೆಯ ಮೇಲೆಲ್ಲ ಕೆಂಪು ದದ್ದು. ಪಿತ್ತ ಎದ್ದಿದೆ ಅಂದುಕೊಂಡು, ನಮ್ಮ ಹಿರಿಯರು ಮಾಡುತ್ತಿದ್ದಂತೆ ಕಂಬಳಿ ಹೊದಿಸಿ ತಿಕ್ಕುತ್ತ ಕೂತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಉಸಿರು ಸುಂಯ್ ಎನ್ನತೊಡಗಿ ಅವಳ ಕಣ್ಣು ಮೇಲಾದಾಗ ಚೀರಿಕೊಂಡೆ. ಚೀರಾಟ ಕೇಳಿ ಪಕ್ಕದ ಮನೆಯ ಆಟೋದವ ಓಡಿಬಂದ. "ಅಕ್ಕಾರ, ಕಂಬಳಿ ತಗದ ಒಗೀರಿ, ಜಲ್ದಿ ಆಟೋದಾಗ ಹಾಕ್ರಿ!"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಅವಳನ್ನು ಮಲಗಿಸಿ, ಕಾಲು ಎತ್ತರಕ್ಕಿಟ್ಟು, ತೊಡೆಗೆ ಇಂಜೆಕ್ಷನ್ ಕೊಟ್ಟರು. ಆಮೇಲೆ ಕೇಳಿದರು, "ಮೈಗೆ ಆಗದ್ದು ಏನರೆ ತಿಂದಾಳೇನ್ರಿ?"

"ಆಕಿಗೆ ಶೇಂಗಾ ಆಗಂಗಿಲ್ರಿ, ಆದ್ರ ನಾ ಒಂದು ಕಾಳೂ ಕೊಟ್ಟಿಲ್ರಿ!" ಅಂದೆ ಜೋರಾಗಿ.

"ಮತ್ತ ಪಲ್ಯಕ್ಕ ಏನೇನ್ ಹಾಕಿದ್ರಿ?"

"ಎಳ್ಳು, ಕೊಬ್ಬರಿ, ಖಾರ, ಎರಡು ಮುಷ್ಟಿ ಹಿಂಡಿ..." ತಟ್ಟೆಗೆ ಹಿಂಡಿ ಹಾಕದೆ ಕಾಯ್ದವಳಿಗೆ ಪಲ್ಯದೊಳಗೆ ಬೆರೆತ ಹಿಂಡಿಯೂ ಶೇಂಗಾವೇ ಎಂಬುದು ಹೊಳೆದಿರಲಿಲ್ಲ.

ಸಂಜೆಗೆ ಸೊಸೆ ಚೇತರಿಸಿಕೊಂಡು ಅಂದಳು: "ಹಿಂಡಿ ಇರಬೇಕಂತ ಅನಿಸಿತ್ರಿ ಅತ್ತಿ. ಕೇಳಿದ್ರ ನಿಮಗ ಬ್ಯಾಸರ ಆದೀತಂತ ಸುಮ್ಮನಾದ್ನಿ." ನನಗೆ ಅಳುವೂ ಬಂತು, ಸಿಟ್ಟೂ ಬಂತು. "ನೀ ಸತ್ತಿದ್ರ ನನಗ ಹಬ್ಬ ಆಗ್ತಿತ್ತೇನು?" ಎಂದು ಗದರಿದೆ. ನನ್ನ ಮರ್ಯಾದೆ ಕಾಯಲು ಹೋಗಿ ಹುಡುಗಿ ಜೀವ ಕಳೆದುಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಆ ಇಂಜೆಕ್ಷನ್ ಮನೆಯಲ್ಲಿಡಲು ಬರೆದುಕೊಟ್ಟು, ಚುಚ್ಚುವುದನ್ನು ನಮ್ಮಿಬ್ಬರಿಗೂ ಕಲಿಸಿದರು. ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ತಡಮಾಡದೆ ತೊಡೆಗೆ ಚುಚ್ಚಬೇಕು, ಆರಾಮ ಅನಿಸಿದರೂ ಆಸ್ಪತ್ರೆಗೆ ಬರಬೇಕು. ಬರೀ ತುರಿಕೆಯ ಗುಳಿಗೆ ನುಂಗಿ ಕೂರುವಂತಿಲ್ಲ. ಸೂಜಿ ಕಂಡರೆ ಓಡುತ್ತಿದ್ದ ನಾನು ಅದನ್ನು ಕಲಿತೆ. ಸೊಸೆಗೆ ಮಾತು ಕಲಿಸುವುದು ಅದಕ್ಕಿಂತ ಕಷ್ಟವಾಯಿತು. "ಇದರಾಗ ಏನೇನ್ ಹಾಕೀರಿ?" ಎಂದು ಅವಳು ಕೇಳದ ಹೊರತು ನಾನು ಬಡಿಸುತ್ತಿರಲಿಲ್ಲ. ಮೊದಮೊದಲು ಸೊಳ್ಳೆಯ ದನಿ. "ಕೇಳಸಂಗಿಲ್ಲ ಬೇ, ಜೋರ ಹೇಳು!" ಅನ್ನುತ್ತಿದ್ದೆ.

ಹೋದ ತಿಂಗಳು ಜೇವರ್ಗಿ ಕಡೆಯ ಕೊಳಕೂರಿಗೆ, ನನ್ನ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ನಾನು ಮೊದಲೇ ಹೇಳಿದ್ದರಿಂದ ಸೊಸೆಗೆ ಬೇರೆ ಪಾತ್ರೆಯಲ್ಲಿ ಅಡಿಗೆ ಮಾಡಿದ್ದರು. ಬೀಗರು ಬಿಜ್ಜರು ತುಂಬಿದ್ದರು. ಮಾತಿನ ಭರದಲ್ಲಿ ನಾನು ಹಿಂಡಿ ಕಲಸಿದ ಕೈಯಿಂದಲೇ ಅವಳ ತಟ್ಟೆಗೆ ರೊಟ್ಟಿ ಇಡಲು ಹೋದೆ.

"ಅತ್ತಿ! ಆ ಕೈಲೆ ನನ್ನ ರೊಟ್ಟಿ ಮುಟ್ಟಬ್ಯಾಡ್ರಿ. ಸಾಬೂನ ಹಚ್ಚಿ ತೊಳಕೊಂಡ ಬರ್ರಿ ಮೊದಲ!"

ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನಿನ್ನ ಮನ್ಯಾಗ ಸೊಸಿ ಕಾಲ ಭಾಳ ಜಲ್ದಿ ಬಂತಲ್ಲೇ!"

"ಬರಲಿ ಅಂತನೇ ಕಲಿಸೀನಿ," ಎಂದು ಎದ್ದು ಬಚ್ಚಲಿಗೆ ಹೋದೆ. ಸಾಬೂನು ಹಚ್ಚಿ ತಿಕ್ಕುತ್ತಿದ್ದರೆ ಒಳಗಿನಿಂದ ಮತ್ತೆ ಅವಳದೇ ದನಿ, ಓಣಿಗೆಲ್ಲ ಕೇಳುವಂತೆ: "ಉಗುರಿನ ಸಂದಿನೂ ತೊಳೀರಿ!"

ನನ್ನ ಅತ್ತೆ ಕೂಡ ನನ್ನನ್ನು ಹಾಗೆ ಗದರಿಸಿರಲಿಲ್ಲ. ನನಗೆ ಎದೆ ಉಬ್ಬಿ ಬಂತು. ಇನ್ನೊಮ್ಮೆ ಸಾಬೂನು ಹಚ್ಚಿಕೊಂಡೆ.