ಎಂಟನೇ ಪಾತ್ರೆ

ಪಾತ್ರೆಗಳ ಮೇಲಿನ ಹೆಸರು ಮುಚ್ಚಿಬಿಡೋಣ ಎಂಬ ಉಪಾಯ ನನ್ನದೇ. ಅದನ್ನು ಈಗ ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಸ್ಟೀಲಿನ ಪಾತ್ರೆ ಕೊಂಡರೆ ಅಂಗಡಿಯಲ್ಲೇ ನಿಂತು ಅದರ ಕಂಠದ ಮೇಲೆ ಹೆಸರು ಕೊರೆಸಿಕೊಳ್ಳದೆ ಸಮಾಧಾನವಿಲ್ಲ. ವರ್ಗವಾದಾಗಲೆಲ್ಲ ಮಂಚ ಮುರಿಯುತ್ತದೆ, ಫ್ರಿಜ್ಜಿನ ಬಾಗಿಲು ಸೊಟ್ಟಗಾಗುತ್ತದೆ, ಪಾತ್ರೆಗಳು ಮಾತ್ರ ಹೆಸರು ಹೊತ್ತುಕೊಂಡು ಊರಿಂದೂರಿಗೆ ಬರುತ್ತವೆ. ಆ ಹೆಸರನ್ನು ನೋಡಿದರೆ ಸಾಕು, ಯಾರ ಮನೆಯ ಪಲ್ಯ, ಯಾರ ಮನೆಯ ಸಾರು ಎಂದು ಎಲ್ಲರಿಗೂ ತಿಳಿಯುತ್ತದೆ. ಆ ತಿಳಿವಳಿಕೆಯೇ ಬೇಡ ಎಂದುಕೊಂಡೆ ನಾನು.

ಅಹಮದಾಬಾದಿನ ಮಣಿನಗರದ ಸುತ್ತಮುತ್ತ ನಾವು ಹದಿನೈದು ಕನ್ನಡದ ಮನೆಗಳಿದ್ದೆವು. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದವರೇ ಎಲ್ಲ. ನಾನೂ ವಿಮಾ ಕಚೇರಿಯವಳು, ಧಾರವಾಡದ ಕಡೆಯವಳು. ಸಂಘ ಎನ್ನುವಷ್ಟು ದೊಡ್ಡದಲ್ಲ ನಮ್ಮದು. ಒಂದು ವಾಟ್ಸಾಪ್ ಗುಂಪು, ಯುಗಾದಿಗೆ ಒಂದು ಊಟ, ನವೆಂಬರಿನಲ್ಲಿ ಒಂದು ಅಂತ್ಯಾಕ್ಷರಿ. ಈ ಅಂತ್ಯಾಕ್ಷರಿ ಸಾಕು, ಏನಾದರೂ ಕೆಲಸಕ್ಕೆ ಬರುವಂಥದ್ದು ಮಾಡೋಣ ಎಂದು ಹೊರಟವರು ನಾವಿಬ್ಬರು. ನಾನು ಮತ್ತು ನನ್ನ ಗೆಳತಿ.

ಗೆಳತಿ ಮೈಸೂರಿನವಳು. ಗಂಡ ಬ್ಯಾಂಕಿನಲ್ಲಿ ಮ್ಯಾನೇಜರ್. ಆರು ವರ್ಷದ ಸ್ನೇಹ ನಮ್ಮದು. ನನಗೆ ಡೆಂಗ್ಯೂ ಬಂದಾಗ ಹದಿನೈದು ದಿನ ಎರಡು ಹೊತ್ತೂ ಅವಳ ಮನೆಯಿಂದಲೇ ಗಂಜಿ ಬಂದಿತ್ತು. ಪ್ರತಿ ಶನಿವಾರ ನಮ್ಮ ಮನೆಗೆ ಬಂದು ನನ್ನ ವಾಂಗೀಬಾತನ್ನು ತಿಂದು, ನಮ್ಮ ಊರಿನ ಅಡುಗೆಯನ್ನು ನೀವು ಖಾರ ಹಾಕಿ ಕೆಡಿಸಿದಿರಿ ಎಂದು ರೇಗಿಸಿ, ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದಳು. ಸಮಾನತೆಯ ಬಗ್ಗೆ ಅವಳು ಮಾತಾಡಿದರೆ ನನ್ನಂಥ ಒರಟಿಗೂ ಕಣ್ಣು ಒದ್ದೆಯಾಗುತ್ತಿತ್ತು. ಜಾತಿ ಕೇಳಿ ಬಾಡಿಗೆ ಮನೆ ಇಲ್ಲವೆನ್ನುವ ಮಾಲೀಕರ ಬಗ್ಗೆ ಒಂದು ಸಭೆ ಮಾಡಿದೆವು. ಬೀದಿ ಗುಡಿಸುವ ಹೆಂಗಸರನ್ನು ಕರೆದು ಅವರ ಮಾತು ಕೇಳಿದೆವು. ಅಷ್ಟರ ಮೇಲೆ ಹೊಳೆದದ್ದು, ಸಂವಿಧಾನದ ಪೀಠಿಕೆಯನ್ನು ಕನ್ನಡದಲ್ಲಿ ಎಲ್ಲರೂ ಸೇರಿ ಓದುವುದು, ಆಮೇಲೆ ಸಹಪಂಕ್ತಿ ಭೋಜನ. ಪ್ರತಿ ಮನೆಯಿಂದ ಒಂದೊಂದು ಅಡುಗೆ.

ನಾನು ಇದಕ್ಕೆ ಹಟ ಹಿಡಿದದ್ದು ಒಂದು ಮನೆಗಾಗಿ. ರಾಯಚೂರಿನ ಕಡೆಯ ಒಬ್ಬಾಕೆ ರೈಲ್ವೆಯ ಟಿಕೆಟ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಗಂಡ ತೀರಿಕೊಂಡಿದ್ದ, ಎಂಟನೇ ಕ್ಲಾಸಿನ ಮಗಳೊಬ್ಬಳಿದ್ದಳು. ಆಕೆ ದಲಿತಳೆಂಬುದು ಗುಂಪಿನಲ್ಲಿ ಹೇಗೋ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ಯುಗಾದಿ ಊಟಕ್ಕೆ ಯಾರು ಏನು ತರಬೇಕೆಂಬ ಪಟ್ಟಿ ಬಂದಾಗ ಆಕೆಯ ಪಾಲಿಗೆ ಪೇಪರ್ ಕಪ್ಪು ಬಂತು. ಮುಂದಿನ ಸಲ ಬಾಳೆಹಣ್ಣು. ಮೂರನೆಯ ಸಲಕ್ಕೆ ಆಕೆ ಬರುವುದನ್ನೇ ನಿಲ್ಲಿಸಿದಳು. ಇದನ್ನು ಆಕೆ ನನ್ನ ಹತ್ತಿರ ದೂರಿನಂತೆ ಹೇಳಲಿಲ್ಲ. ಕೌಂಟರಿನಲ್ಲಿ ನನಗೆ ಟಿಕೆಟ್ ಕೊಡುತ್ತ, ಮಗಳು ಯಾಕೆ ಹೋಗುತ್ತಿಲ್ಲ ಅಂತ ಕೇಳುತ್ತಾಳೆ, ಏನು ಹೇಳಲಿ ಎಂದಳು ಅಷ್ಟೇ. ನನಗೆ ಮೈ ಉರಿದುಹೋಯಿತು.

ಮನೆಗೆ ಹೋಗಿ ಕರೆದೆ. ಈ ಸಲ ನೀವು ಅಡುಗೆಯನ್ನೇ ಮಾಡಿಕೊಂಡು ಬರಬೇಕು ಎಂದೆ. ಪಾತ್ರೆಗಳ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ನಂಬರ್ ಹಾಕುತ್ತೇವೆ, ಯಾರದು ಯಾವುದು ಎಂದು ಉಣ್ಣುವವರಿಗೆ ತಿಳಿಯುವುದಿಲ್ಲ, ತಮ್ಮ ಅಡುಗೆಯನ್ನು ತಾವೇ ಬಡಿಸುವಂತೆಯೂ ಇಲ್ಲ ಎಂದು ನನ್ನ ಜಾಣತನವನ್ನೆಲ್ಲ ಬಿಚ್ಚಿಟ್ಟೆ. ಆಕೆ ನಕ್ಕಳು.

"ನನ್ನ ಹೆಸರು ನೋಡಿ ಉಣ್ಣವ್ರು ಉಣ್ಣಲಿ, ಬಿಡವ್ರು ಬಿಡಲಿ ಅಕ್ಕ. ಮುಚ್ಚಿಟ್ಟು ಉಣಿಸಿದ್ರ ಏನ್ ಬಂತ್ರಿ?"

ಆ ಮಾತಿಗೆ ಅಲ್ಲಿಯೇ ಕಿವಿಗೊಡಬೇಕಿತ್ತು. ಮೊದಲು ಒಮ್ಮೆ ಉಣ್ಣಲಿ, ಆಮೇಲೆ ಎಲ್ಲರೆದುರು ಹೇಳೋಣ, ಆಗ ಅವರ ಮುಖ ನೋಡಿ ಎಂದೆ. ನನ್ನ ಮೇಲೆ ಭರವಸೆ ಇಡಿ ಎಂದೆ. ಆಕೆ ಮಗಳ ಕಡೆ ನೋಡಿ ಒಪ್ಪಿಕೊಂಡಳು. ಮಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪೀಠಿಕೆಯನ್ನು ಗುಜರಾತಿ ಅಕ್ಷರದಲ್ಲಿ ಬರೆದುಕೊಂಡು ಎರಡು ವಾರ ಬಾಯಿಪಾಠ ಮಾಡಿದಳು.

ಆ ಭಾನುವಾರ ಗೆಳತಿಯ ಹೌಸಿಂಗ್ ಸೊಸೈಟಿಯ ಕಾಮನ್ ಪ್ಲಾಟಿನ ಬಯಲಿನಲ್ಲಿ ಶಾಮಿಯಾನ ಹಾಕಿಸಿದ್ದೆವು. ಬೆಳಿಗ್ಗೆಯೇ ಪಾತ್ರೆಗಳು ಬಂದವು. ನಾನೇ ಕೂತು ಪಟ್ಟಿ ಅಂಟಿಸಿ, ನಂಬರ್ ಬರೆದು, ಯಾವ ನಂಬರ್ ಯಾರ ಮನೆಯದು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಕ್ರಾಂತಿ ಮಾಡಲು ಹೊರಟವಳಿಗೂ ಪಾತ್ರೆ ಅದಲುಬದಲಾದರೆ ಎಂಬ ಚಿಂತೆ ಬಿಟ್ಟಿರಲಿಲ್ಲ. ಗೆಳತಿ ಬಂದು, ವಾಪಸ್ ಕೊಡುವಾಗ ಗಲಾಟೆಯಾಗುತ್ತೆ ಕಣೇ, ನನ್ನ ಹತ್ತಿರವೂ ಇರಲಿ ಎಂದು ಆ ಹಾಳೆಯ ಫೋಟೋ ತೆಗೆದುಕೊಂಡಳು. ನಾನು ಪುಟವನ್ನು ಒತ್ತಿ ಹಿಡಿದು, ಸರಿಯಾಗಿ ಬರುವಂತೆ ತೋರಿಸಿದೆ.

ಹುಡುಗಿ ಪೀಠಿಕೆಯನ್ನು ಒಂದಕ್ಷರ ತಪ್ಪದೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆಳತಿ ಅವಳನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡಳು. ಆಮೇಲೆ ಉದ್ದಕ್ಕೆ ಜಮಖಾನೆ ಹಾಸಿ ಮುತ್ತುಗದ ಪತ್ರಾವಳಿ ಹಾಕಿದೆವು. ಬಡಿಸುವವರು ಚೀಟಿ ಎತ್ತಿದೆವು. ರಾಯಚೂರಿನಾಕೆಗೆ ಹೋಳಿಗೆ ಬಂತು. ನನಗೆ ಬಂದದ್ದು ಎಂಟನೇ ಪಾತ್ರೆ. ಅದು ಆಕೆಯದೇ, ಬದನೆಕಾಯಿ ಎಣ್ಣೆಗಾಯಿ. ಶೇಂಗಾ, ಎಳ್ಳು, ಗುರೆಳ್ಳು ಹುರಿದು ಅರೆದ ಮಸಾಲೆ ಮೇಲೆ ತೇಲುತ್ತಿತ್ತು. ಆ ವಾಸನೆಗೆ ನನ್ನ ಬಾಯಲ್ಲೇ ನೀರೂರಿತು.

ಮೊದಲನೆಯವರು ಎಲೆಗೆ ಕೈ ಅಡ್ಡ ಹಿಡಿದರು, ಅಸಿಡಿಟಿ ಎಂದರು. ಎರಡನೆಯವರು ಬದನೆಕಾಯಿ ನಂಜು ಎಂದರು. ಮೂರನೆಯವರು ಆಮೇಲೆ ಹಾಕಿಸಿಕೊಳ್ಳುತ್ತೇನೆ ಎಂದರು. ಇವರಿಗೆಲ್ಲ ಇದ್ದಕ್ಕಿದ್ದಂತೆ ಏನು ಆರೋಗ್ಯದ ಚಿಂತೆ ಎಂದು ನಾನು ಮನಸ್ಸಿನಲ್ಲೇ ನಗುತ್ತ ಮುಂದೆ ಹೋದೆ. ಆಚೆ ರಾಯಚೂರಿನಾಕೆಯ ಕೈಯಿಂದ ಎಲ್ಲರೂ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಅದು ಬೇರೆ ಮನೆಯಲ್ಲಿ ಮಾಡಿದ ಹೋಳಿಗೆ. ಆಕೆಯ ಮುಖ ಅರಳಿತ್ತು. ನಾನು ಗೆಳತಿಯ ಎಲೆಯ ಮುಂದೆ ಬಂದೆ. ಅವಳೂ ಅಂಗೈ ಅಡ್ಡ ಇಟ್ಟಳು.

"ನಂಗೆ ಬದನೆಕಾಯಿ ಆಗಲ್ಲ ಕಣೇ, ಗೊತ್ತಲ್ಲ ನಿಂಗೆ."

ಗೊತ್ತಲ್ಲ! ಆರು ವರ್ಷದಿಂದ ಪ್ರತಿ ಶನಿವಾರ ನನ್ನ ಮನೆಯಲ್ಲಿ ಅವಳು ತಿಂದ ವಾಂಗೀಬಾತು ಏನು ಹುಲ್ಲಿನಲ್ಲಿ ಮಾಡಿದ್ದೇ? ಸೌಟನ್ನು ಪಾತ್ರೆಗೆ ಇಳಿಸಿದೆ. ಅವಳು ನನ್ನ ಮುಖ ನೋಡಲಿಲ್ಲ, ಪಕ್ಕದವರ ಹತ್ತಿರ ಉಪ್ಪಿನಕಾಯಿ ಕೇಳಿದಳು. ಅವಳ ಆಚೆ ಅವಳ ಅತ್ತೆ ಕೂತಿದ್ದರು, ಎಂಬತ್ತರ ಹತ್ತಿರದ ಮುದುಕಿ. ಅವರು ಕಪಟ ತಿಳಿಯದವರು. ನಂಬರ್ ನೋಡಿ ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದರು.

"ಎಂಟನೇದು ಬೇಡ ಅಂತ ನಮ್ಮ ಸೊಸೆ ಬೆಳಿಗ್ಗೇನೇ ಎಲ್ಲರಿಗೂ ಹೇಳಿದಾಳಲ್ಲಮ್ಮ. ನಿನಗೆ ಹೇಳ್ಲಿಲ್ವಾ?"

ಪಾತ್ರೆ ತುಂಬಿದ ಹಾಗೆಯೇ ಇತ್ತು. ಮುಂದಿನ ಪಂಕ್ತಿಯಲ್ಲಿ ಬಡಿಸಿದವರು ಕೂರಬೇಕು, ತಾಯಿ ಮಗಳೂ ಕೂರುತ್ತಾರೆ, ಪಾತ್ರೆಯನ್ನು ನೋಡುತ್ತಾರೆ. ನನಗೆ ಆಗ ಹೊಳೆದದ್ದು ಅದೊಂದೇ. ಪಾತ್ರೆ ಎತ್ತಿಕೊಂಡು ಹಿಂದಿನ ಗೇಟಿನಿಂದ ಪಕ್ಕದ ಕಟ್ಟಡದ ಕೆಲಸದ ಜಾಗಕ್ಕೆ ಹೋದೆ. ದಾಹೋದ್ ಕಡೆಯ ಕೂಲಿಗಳು ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಅವರ ತಟ್ಟೆಗಳಿಗೆ ಸುರಿದೆ. ಅವರು ಏನೂ ಕೇಳಲಿಲ್ಲ. ಒಬ್ಬಾಕೆ ರೊಟ್ಟಿಯಿಂದ ಪಾತ್ರೆಯ ತಳ ಒರೆಸಿ ತಿಂದು, ಬಹುತ್ ಅಚ್ಛಾ ಬೆನ್ ಎಂದಳು. ಖಾಲಿ ಪಾತ್ರೆ ಹಿಡಿದು ಬಂದೆ.

ಎರಡನೇ ಪಂಕ್ತಿಯಲ್ಲಿ ಹುಡುಗಿ ತಮ್ಮ ಪಲ್ಯ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಪಾತ್ರೆಯನ್ನು ಬಗ್ಗಿಸಿ ತೋರಿಸಿದೆ.

"ಬಳದ ಬಳದ ತಿಂದಾರ ನೋಡ್ರಿ," ಎಂದೆ ಅವಳ ತಾಯಿಗೆ. "ನಮಗೂ ಒಂದು ಹೋಳು ಉಳಿಸಲಿಲ್ಲ."

ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡು, ಮಗಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ಆಮೇಲೆ ಎಲ್ಲರೆದುರು ಹೇಳೋಣ ಎಂದಿದ್ದ ಮಾತನ್ನು ನಾನು ಎತ್ತಲಿಲ್ಲ. ಆಕೆಯೂ ಕೇಳಲಿಲ್ಲ.

ಸಂಜೆ ಪಾತ್ರೆಗಳೆಲ್ಲ ಮನೆ ಸೇರಿದ ಮೇಲೆ ಗೆಳತಿಯನ್ನು ಹಿಡಿದು ನಿಲ್ಲಿಸಿದೆ. ಅವಳು ಮುಚ್ಚಿಡಲೂ ಇಲ್ಲ. ಹಿರಿಯರು ಕೇಳಿದರು, ಹೇಳಿದೆ ಎಂದಳು. ಹೇಳದೆ ಇದ್ದಿದ್ದರೆ ಅರ್ಧ ಜನ ಬರುತ್ತಲೇ ಇರಲಿಲ್ಲವಂತೆ. ಬಂದರಲ್ಲ, ಒಂದೇ ಸಾಲಿನಲ್ಲಿ ಕೂತರಲ್ಲ, ಅವಳ ಕೈಯಿಂದ ಬಡಿಸಿಕೊಂಡರಲ್ಲ, ಒಂದು ಪಲ್ಯ ಬಿಟ್ಟರೆ ಆಕಾಶವೇನು ಕಳಚಿ ಬೀಳಲಿಲ್ಲವಲ್ಲ ಎಂದು ನನಗೇ ಸಮಾಧಾನ ಹೇಳಿದಳು. ಫೋನಿನಲ್ಲಿ ಫೋಟೋಗಳನ್ನೂ ತೋರಿಸಿದಳು. ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕೂಗಾಡುತ್ತಿದ್ದೆ. ಇವಳು ನನ್ನನ್ನೇ ಮುಂದಿಟ್ಟುಕೊಂಡು, ನನ್ನದೇ ಹಾಳೆಯಿಂದ, ನಂಬಿಸಿ ಕತ್ತು ಕೊಯ್ದಿದ್ದಳು. ನನಗೆ ಅಳು ಬಂತು. ಅವಳೆದುರು ಅತ್ತದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎರಡು ತಿಂಗಳಿಗೆ ರಾಯಚೂರಿನಾಕೆಗೆ ಸೂರತ್ತಿನ ಉಧ್ನಾಕ್ಕೆ ವರ್ಗವಾಯಿತು. ಅಲ್ಲಿ ಕ್ವಾರ್ಟರ್ಸು ಸಿಕ್ಕ ಕೂಡಲೇ ಆಕೆ ಗುಂಪಿನಲ್ಲಿ ಬರೆದಳು. ಬರುವ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ, ಅವತ್ತು ನಿಮಗೆ ಸಾಲದೇ ಹೋಯಿತಂತೆ, ಈ ಸಲ ಎರಡರಷ್ಟು ಮಾಡುತ್ತೇನೆ. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು, ಹೃದಯಗಳು. ಖಂಡಿತ ಬರ್ತೀವಿ. ಎಣ್ಣೆಗಾಯಿಗೋಸ್ಕರನಾದ್ರೂ ಬರ್ತೀವಿ ಎಂದು ಬರೆದವಳು ಗೆಳತಿ.

ಅವಳೊಂದಿಗೆ ಮಾತು ಬಿಟ್ಟಿದ್ದವಳು ಅವತ್ತು ನಾನೇ ಫೋನ್ ಮಾಡಿದೆ. ಬರುವುದಿಲ್ಲವಾದರೆ ಈಗಲೇ ಹೇಳು, ಆ ಹೆಂಗಸನ್ನು ಆಡಿಸಬೇಡ ಎಂದೆ. ಅವಳ ದನಿ ಒಡೆದಂತಾಯಿತು. ನಿನ್ನ ಮುಖ ನೋಡಲಾಗುತ್ತಿಲ್ಲ ನನಗೆ, ಈ ಸಲ ಎಲ್ಲರನ್ನೂ ನಾನೇ ಕರೆದುಕೊಂಡು ಬರುತ್ತೇನೆ, ಮೊದಲ ತುತ್ತು ನಾನೇ ತಿನ್ನುತ್ತೇನೆ ಎಂದಳು. ನಾನು ನಂಬಿದೆ. ಎರಡನೆಯ ಸಲವೂ ನಂಬಿದೆ. ಡೆಂಗ್ಯೂ ಬಂದಾಗ ಗಂಜಿ ಕೊಟ್ಟವಳಲ್ಲವೇ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮಣಿನಗರದ ಸ್ಟೇಷನ್ನಿನಲ್ಲಿ ಎಲ್ಲರೂ ಸೇರುವುದೆಂದಾಗಿತ್ತು. ರೈಲು ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ನಾನೊಬ್ಬಳೇ. ಒಬ್ಬರ ಮಗನಿಗೆ ಟೆಸ್ಟು, ಒಬ್ಬರಿಗೆ ಮಂಡಿ ನೋವು, ಒಬ್ಬರ ಮನೆಗೆ ನೆಂಟರು. ಗೆಳತಿಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ನೆಂಟರ ಮನೆಗೆ ಹೋಗಿದ್ದು, ವಡೋದರಾದಲ್ಲಿ ಹತ್ತುತ್ತೇವೆ ಎಂದಿದ್ದ ಒಂದು ಕುಟುಂಬವಿತ್ತು. ವಡೋದರಾದಲ್ಲಿ ಬಾಗಿಲಲ್ಲೇ ನಿಂತು ಕಾದೆ. ಚಹಾದವನೊಬ್ಬ ಹತ್ತಿದ. ಅಲ್ಲಿಂದ ಮುಂದೆ ಗೆಳತಿಯ ಮೆಸೇಜು ಬಂತು. ಅತ್ತೆಗೆ ಬಿ.ಪಿ. ಏರಿದೆ, ನೀನು ಹೇಗಾದರೂ ಸಂಭಾಳಿಸು, ನಿನಗೆ ಅದೆಲ್ಲ ಚೆನ್ನಾಗಿ ಬರುತ್ತೆ ಎಂದಿತ್ತು. ಫೋನನ್ನು ಕಿಟಕಿಯಿಂದ ಎಸೆದುಬಿಡುವಷ್ಟು ಸಿಟ್ಟು ಬಂತು.

ಉಧ್ನಾದ ಆ ಮನೆಯ ಎರಡು ರೂಮುಗಳಲ್ಲೂ ಚಾಪೆ ಹಾಸಿದ್ದರು. ಪಕ್ಕದ ಮನೆಗಳಿಂದ ತಟ್ಟೆ ತಂದಿಟ್ಟಿದ್ದರು. ಹುಡುಗಿ ಹೊಸ ಚೂಡಿದಾರ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು, ನನ್ನ ಹಿಂದೆ ಇಣುಕಿ ನೋಡಿದಳು. ಬಾಕಿಯವರು ಬರುತ್ತಿದ್ದಾರೆಯೇ ಎಂದು ತಾಯಿ ಕೇಳಿದಳು. ನಾನು ಮಂಡಿ ನೋವು, ಟೆಸ್ಟು, ಬಿ.ಪಿ. ಎಂದು ಒಂದೊಂದಾಗಿ ಹೇಳತೊಡಗಿದೆ. ಆಕೆ ಕೇಳುತ್ತ ಕೇಳುತ್ತ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಳು. ದಿನಕ್ಕೆ ನೂರಾರು ಜನರ ಸುಳ್ಳು ನೆಪಗಳನ್ನು ಕೌಂಟರಿನ ಕಿಂಡಿಯಿಂದ ಕೇಳುವವಳು ಆಕೆ.

"ಅವತ್ತು ಯಾರೂ ತಿಂದಿಲ್ಲಲ್ಲ ಅಕ್ಕ?" ಎಂದಳು.

ಇಲ್ಲ ಎಂದೆ. ಹಾಳೆಯ ಫೋಟೋ, ಗೆಳತಿಯ ಅಂಗೈ, ಹಿಂದಿನ ಗೇಟು, ಕೂಲಿಗಳು, ಎಲ್ಲ ಹೇಳಿದೆ. ನಿಮಗೆ ನೋವಾಗಬಾರದೆಂದು ಹಾಗೆ ಮಾಡಿದೆ ಎಂದೆ. ನನಗೂ ಮೋಸವಾಗಿದೆ ಎಂದೆ. ಅದು ನಿಜವೇ ಆಗಿತ್ತು, ಆದರೂ ಹೇಳುವಾಗ ನನ್ನ ಕಿವಿಗೇ ಅದು ಆಗಲೇ ಹೇಳಿದ ನೆಪಗಳ ಸಾಲಿಗೆ ಇನ್ನೊಂದು ಸೇರಿದಂತೆ ಕೇಳಿಸಿತು.

ಆಕೆ ಮಗಳ ಕಡೆ ನೋಡಿದಳು. ಆಮೇಲೆ ದನಿ ಏರಿಸದೆ ಹೇಳಿದಳು.

"ಅವ್ರೆಂಥವ್ರು ಅಂತ ನನಗ ಮೊದಲಽ ಗೊತ್ತಿತ್ರಿ. ಉಂಡಾರ ಅಂತ ನೀವ್ ಹೇಳಿದ್ದಕ್ಕ ನಂಬೀನಿ. ಕಾಲ ಬದಲಾಗೇದ ಅಂತ ನನ್ನ ಮಗಳಿಗೆ ನಾ ಹೇಳೀನಿ. ಈಗ ಆಕಿಗೆ ಏನ್ ಹೇಳ್ಲಿ?"

ಹುಡುಗಿಗೆ ನಮ್ಮ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವಳು ಒಳಗೆ ಹೋಗಿ ಒಂದು ತಟ್ಟೆ ತಂದು ನನ್ನ ಮುಂದಿಟ್ಟಳು. ತಾಯಿ ಬಗ್ಗಿ ಆ ತಟ್ಟೆಯನ್ನು ಎತ್ತಿಕೊಂಡಳು.

"ತಪ್ಪ್ ತಿಳ್ಕೋಬ್ಯಾಡ್ರಿ ಅಕ್ಕ. ಇವತ್ತು ನಿಮಗ ನಾ ಬಡಸಂಗಿಲ್ಲ."

ನಾನು ಎದ್ದೆ. ಆಕೆ ಬಾಗಿಲವರೆಗೆ ಬಂದು, ಒಂದೂವರೆಗೆ ಅಹಮದಾಬಾದಿಗೆ ಗಾಡಿ ಇದೆ, ಎರಡನೇ ನಂಬರ್ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳಿದಳು. ಮೆಟ್ಟಿಲು ಇಳಿಯುವಾಗ, ಪಕ್ಕದ ಮನೆಗಳ ಬಾಗಿಲು ತಟ್ಟಿ ಊಟಕ್ಕೆ ಬನ್ನಿ ಎಂದು ಆಕೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದುದು ಕೇಳಿಸಿತು.